ದಂಡನೆಗೊಂದು ಮೇರೆ

ತಪ್ಪು ಮಾಡದ ಮನುಷ್ಯನಿಲ್ಲವೆಂಬ ಮಾತನ್ನು ಎಲ್ಲರೂ ಒಪ್ಪುವರು; ಆದರೆ ತಪ್ಪು ಮಾಡಿದವನು ಎದುರಿಗೆ ಬಂದು ನಿಂತಾಗ ಆ ಒಪ್ಪಿಗೆಯನ್ನು ನೆನಪಿನಲ್ಲಿಟ್ಟುಕೊಳ್ಳುವವರು ವಿರಳ. ತಪ್ಪಿಗೆ ದಂಡನೆ ಬೇಕೆಂಬುದೇನೋ ನಿಜ. ದಂಡವಿಲ್ಲದೆ ಲೋಕಯಾತ್ರೆ ಸಾಗದೆಂದು ಧರ್ಮಶಾಸ್ತ್ರಕಾರರೂ ಒತ್ತಿ ಹೇಳಿರುತ್ತಾರೆ. ಆದರೆ ಆ ದಂಡನೆಗೆ ಅಳತೆಯೆಂಬುದುಂಟೆ? ಅದು ಎಂದಿಗೆ ಮುಗಿಯತಕ್ಕದ್ದು? ನ್ಯಾಯಾಧೀಶನು ವಿಧಿಸಿದ ಶಿಕ್ಷೆಗೆ ತಿಂಗಳು ವರ್ಷಗಳ ಗಣನೆಯಿದೆ; ಅದು ತೀರಿದ ದಿವಸ ಸೆರೆಮನೆಯ ಬಾಗಿಲು ತೆರೆಯುವುದು. ಜನರ ನಾಲಗೆಯು ವಿಧಿಸಿದ ಶಿಕ್ಷೆಗೆ ಇಂತಹ ಗಣನೆಯಿಲ್ಲ. ಅದರ ಬೀಗದ ಕೈಯನ್ನು ಹಿಡಿದಿರುವ ಅಧಿಕಾರಿಯೂ ಇಲ್ಲ. ಇಂತಹ ಶಿಕ್ಷೆಯು ಧರ್ಮವೋ ಅಧರ್ಮವೋ ಎಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಪ್ರಶ್ನೆಯು ಹೊಸದಲ್ಲ. ಮಹಾಭಾರತದ ಆದಿಪರ್ವದಲ್ಲಿ ಅಣಿಮಾಂಡವ್ಯನೆಂಬ ಋಷಿಯ ಉಪಾಖ್ಯಾನವೊಂದುಂಟು. ಮೌನವ್ರತದಲ್ಲಿದ್ದ ಆ ಋಷಿಯ ಆಶ್ರಮದಲ್ಲಿ ಕಳ್ಳರು ಕದ್ದ ಒಡವೆಗಳನ್ನು ಬಚ್ಚಿಟ್ಟು ತಾವೂ ಅಡಗಿಕೊಂಡರು. ಬೆನ್ನಟ್ಟಿ ಬಂದ ರಾಜಭಟರು ಋಷಿಯನ್ನೂ ಕಳ್ಳರ ಜತೆಗಾರನೆಂದು ಬಗೆದು ಹಿಡಿದೊಯ್ದರು, ಆತನನ್ನು ಶೂಲಕ್ಕೇರಿಸಲಾಯಿತು. ತಪೋಬಲದಿಂದ ಪ್ರಾಣವುಳಿದ ಆತನು ಮುಂದೆ ಧರ್ಮದೇವತೆಯ ಸನ್ನಿಧಿಗೆ ಹೋಗಿ, ಇದು ಯಾವ ಪಾಪದ ಫಲವೆಂದು ಕೇಳಿದನು. ಬಾಲ್ಯದಲ್ಲಿ ಹುಳುಗಳನ್ನು ಹುಲ್ಲುಕಡ್ಡಿಯಿಂದ ಚುಚ್ಚಿದುದರ ಫಲವೆಂದು ಧರ್ಮನು ಉತ್ತರವಿತ್ತನು. ಇಷ್ಟು ಅಲ್ಪವಾದ ಅಪರಾಧಕ್ಕೆ ಇಷ್ಟು ಘೋರವಾದ ದಂಡನೆಯೆ ಎಂದು ಕೆರಳಿದ ಋಷಿಯು ಧರ್ಮನನ್ನೇ ಭೂಲೋಕದಲ್ಲಿ ಹುಟ್ಟುವಂತೆ ಶಪಿಸಿದನು. ಧರ್ಮನು ವಿದುರನಾಗಿ ಜನಿಸಬೇಕಾಯಿತು. ಹದಿನಾಲ್ಕು ವರ್ಷದೊಳಗಿನ ಬಾಲರ ಕೃತ್ಯಕ್ಕೆ ಪಾತಕವಿಲ್ಲವೆಂಬ ಮೇರೆಯನ್ನೂ ಆ ಋಷಿಯೇ ಅಂದು ಸ್ಥಾಪಿಸಿದನು. ಅಳತೆ ಮೀರಿ ದಂಡಿಸಿದರೆ ಸಾಕ್ಷಾತ್ ಧರ್ಮದೇವತೆಯೂ ದಂಡ್ಯನಾಗುವನೆಂಬುದು ಈ ಕಥೆಯ ಇಂಗಿತ.

ಈ ಪುರಾತನವಾದ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದಲ್ಲಿ ಮರುಕ ಹುಟ್ಟಿಸುವ ನಿದರ್ಶನವೊಂದು ಒದಗಿತು. ಅದು ಒದಗಿದುದು ಅರಮನೆಯಲ್ಲಲ್ಲ, ನ್ಯಾಯಸ್ಥಾನದಲ್ಲಿಯೂ ಅಲ್ಲ. ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶದ ಒಂದು ಆಟದ ಬಯಲಿನಲ್ಲಿ. ಆಟಪಾಟಗಳಲ್ಲಿ ಧರ್ಮವಿಚಾರಕ್ಕೆ ಎಡೆಯೆಲ್ಲಿ ಎಂದು ಕೆಲವರು ಕೇಳಬಹುದು. ಕುರುಕ್ಷೇತ್ರದ ಯುದ್ಧಕ್ಕೆ ಬೀಜ ಬಿದ್ದುದು ಒಂದು ಆಟದ ಹಾಸಿನ ಮೇಲೆಯೇ ಎಂಬುದನ್ನು ಅವರು ಸ್ಮರಿಸಿದರೆ ಸಾಕು. ಆಟವು ಹುಸಿಯಾದರೂ ಅದರಲ್ಲಿ ಹುಟ್ಟುವ ದುಃಖವೂ ದ್ವೇಷವೂ ಹುಸಿಯಲ್ಲ.

ಫುಟ್‌ಬಾಲ್ ಆಟದಲ್ಲಿ ಪಕ್ಷವೊಂದಕ್ಕೆ ಹನ್ನೊಂದು ಮಂದಿ. ಅವರಲ್ಲಿ ಹತ್ತು ಮಂದಿಗೆ ಒಂದು ಧರ್ಮ, ಒಬ್ಬನಿಗೆ ಬೇರೊಂದು ಧರ್ಮ. ಆ ಒಬ್ಬನೇ ಗೋಲ್‌ಕೀಪರ್. ಎಂಟು ಗಜ ಅಗಲ, ಎಂಟು ಅಡಿ ಎತ್ತರದ ಬಾಗಿಲೊಂದನ್ನು ಕಾಯುವುದು ಆತನ ಕೆಲಸ. ಇತರರಿಗೆ ನಿಷಿದ್ಧವಾದ ಕೈಯ ಬಳಕೆಯು, ನಿಯತವಾದ ಎಲ್ಲೆಯೊಳಗೆ ಆತನಿಗೆ ವಿಹಿತ. ಉಡುಪಿನ ಬಣ್ಣವೂ ಬೇರೆ. ಆದರೆ ಮುಖ್ಯವಾದ ಭೇದವು ಇದಲ್ಲ. ಮುಂದಿನ ಸಾಲಿನ ಆಟಗಾರನು ಹತ್ತು ಸಲ ಗುರಿ ತಪ್ಪಿ ಹನ್ನೊಂದನೆಯ ಸಲ ಗೋಲು ಹೊಡೆದರೆ ಆತನು ವೀರನೆನಿಸಿಕೊಳ್ಳುವನು. ಗೋಲ್‌ಕೀಪರನು ಹತ್ತು ಸಲ ಚೆಂಡನ್ನು ತಡೆದು ಹನ್ನೊಂದನೆಯ ಸಲ ತಪ್ಪಿದರೆ, ಆ ಹತ್ತನ್ನು ಜನರು ಮರೆತು ಒಂದನ್ನೇ ನೆನೆಯುವರು. ಒಬ್ಬನ ಲೆಕ್ಕವನ್ನು ಜಮೆಯಿಂದಲೂ ಇನ್ನೊಬ್ಬನ ಲೆಕ್ಕವನ್ನು ಖರ್ಚಿನಿಂದಲೂ ಬರೆಯುವ ವಿಚಿತ್ರವಾದ ಖಾತೆಯಿದು. ಹೊಲವನ್ನು ಉತ್ತು ಬಿತ್ತಿದವನನ್ನು ಸುಗ್ಗಿಯಲ್ಲಿ ಎಲ್ಲರೂ ನೆನೆಯುತ್ತಾರೆ. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಎಚ್ಚರಿದ್ದು ಹಂದಿಯನ್ನು ಓಡಿಸಿದ ಕಾವಲುಗಾರನು, ಹಂದಿ ನುಗ್ಗಿದ ರಾತ್ರಿಯ ಮರುದಿನ ಮಾತ್ರ ನೆನಪಿಗೆ ಬರುತ್ತಾನೆ.

ಮೊಅಸೀರ್ ಬಾರ್ಬೋಸಾ ಎಂಬಾತನು ಇಂತಹ ಕಾವಲುಗಾರನಾಗಿದ್ದನು. ಆತನು 1921ನೆಯ ಇಸವಿ ಮಾರ್ಚ್ 27ರಂದು ಬ್ರೆಜಿಲಿನ ಕಂಪಿನಾಸ್ ಪಟ್ಟಣದಲ್ಲಿ ಹುಟ್ಟಿದನು, ವರ್ಣದಿಂದ ಕಪ್ಪಿನವನು. ಆ ದೇಶದಲ್ಲಿ 1933ರಿಂದ ಫುಟ್‌ಬಾಲ್ ವೇತನವುಳ್ಳ ವೃತ್ತಿಯಾಗಿ ನೆಲೆಗೊಳ್ಳತೊಡಗಿತ್ತು. ಸಾಂವ್ ಪೌಲೊ ನಗರದ ಇಪಿರಂಗಾ ತಂಡದಲ್ಲಿ ಆಡಿ, 1945ರಲ್ಲಿ ಆತನು ರಿಯೋ ನಗರದ ವಾಸ್ಕೋ ಡ ಗಾಮಾ ಸಂಘಕ್ಕೆ ಬಂದನು. ಭಾರತಕ್ಕೆ ಜಲಮಾರ್ಗವನ್ನು ಕಂಡ ಆ ನಾವಿಕನ ಯಾತ್ರೆಗೆ ನಾನೂರು ವರ್ಷ ತುಂಬಿದ ಸಂದರ್ಭದಲ್ಲಿ, 1898ರಲ್ಲಿ, ಪೋರ್ಚುಗೀಸ್ ಮೂಲದವರು ಸ್ಥಾಪಿಸಿದ ಸಂಘವದು. ಕಪ್ಪುವರ್ಣದವರನ್ನೂ ಕೂಲಿಕಾರರನ್ನೂ ತಂಡದಿಂದ ಕೈಬಿಡಬೇಕೆಂದು 1924ರಲ್ಲಿ ಒತ್ತಾಯ ಬಂದಾಗ, ಹಾಗೆ ಮಾಡಲಾರೆವೆಂದು ಪತ್ರ ಬರೆದು ನಿರಾಕರಿಸಿದ ಕೀರ್ತಿ ಆ ಸಂಘಕ್ಕಿದೆ. ಅಂತಹ ಸಂಘದಲ್ಲಿ ಬಾರ್ಬೋಸಾ ಬೆಳೆದನು. ಚೆಂಡಿನ ಸ್ಪರ್ಶವು ಅಂಗೈಗೆ ನೇರವಾಗಿ ತಿಳಿಯಬೇಕೆಂದು ಆತನು ಕೈಗವಸನ್ನು ತೊಡದೆ ಆಡುತ್ತಿದ್ದನು. ಅದರ ಬೆಲೆಯನ್ನು ಬೆರಳುಗಳು ತೆರಬೇಕಾಯಿತು. 1948ರಲ್ಲಿ ಚಿಲಿ ದೇಶದ ಸಾಂತಿಯಾಗೊ ನಗರದಲ್ಲಿ ನಡೆದ ದಕ್ಷಿಣ ಅಮೆರಿಕದ ಚಾಂಪಿಯನ್ ಸಂಘಗಳ ಸ್ಪರ್ಧೆಯನ್ನು ವಾಸ್ಕೋ ಗೆದ್ದಿತು. 1949ರಲ್ಲಿ ದಕ್ಷಿಣ ಅಮೆರಿಕದ ರಾಷ್ಟ್ರಗಳ ಸ್ಪರ್ಧೆಯನ್ನು ಬ್ರೆಜಿಲ್ ಗೆದ್ದಾಗ ಗೋಲನ್ನು ಕಾದವನೂ ಆತನೇ. ತನ್ನ ಕಾಲದ ಅತ್ಯುತ್ತಮ ಗೋಲ್‌ಕೀಪರರಲ್ಲಿ ಒಬ್ಬನೆಂದು ಆತನನ್ನು ತಜ್ಞರು ಎಣಿಸುತ್ತಿದ್ದರು.

1950ರಲ್ಲಿ ವಿಶ್ವಕಪ್ ಪಂದ್ಯಗಳು ಬ್ರೆಜಿಲಿನಲ್ಲಿಯೇ ನಡೆದವು. ಅದಕ್ಕೋಸ್ಕರ ರಿಯೋ ನಗರದಲ್ಲಿ ಮರಕಾನಾ ಎಂಬ ಮಹಾಕ್ರೀಡಾಂಗಣವನ್ನು ಕಟ್ಟಿದರು. ಆ ವರ್ಷದ ನಿಯಮದಂತೆ ಕೊನೆಗೆ ನಾಲ್ಕು ರಾಷ್ಟ್ರಗಳು ಪರಸ್ಪರ ಆಡಿ, ಹೆಚ್ಚು ಅಂಕ ಪಡೆದವರು ಗೆಲ್ಲಬೇಕಾಗಿತ್ತು. ಬ್ರೆಜಿಲ್ ತಂಡವು ಸ್ವೀಡನ್ ದೇಶವನ್ನು 7–1ರಿಂದಲೂ ಸ್ಪೇನ್ ದೇಶವನ್ನು 6–1ರಿಂದಲೂ ಸೋಲಿಸಿತು. ನೆರೆಯ ಉರುಗ್ವೆ ದೇಶದೊಡನೆ ಉಳಿದ ಕೊನೆಯ ಪಂದ್ಯವು ಸಮಸಮವಾದರೂ ಬ್ರೆಜಿಲಿಗೆ ಕಪ್ಪು ಸಿದ್ಧವಾಗಿತ್ತು. ಜುಲೈ 16ರಂದು ಅಧಿಕೃತ ಲೆಕ್ಕದಂತೆ 1,73,850 ಮಂದಿ, ಅನೇಕರ ಅಂದಾಜಿನಂತೆ ಸುಮಾರು ಎರಡು ಲಕ್ಷ ಮಂದಿ, ಮರಕಾನಾದಲ್ಲಿ ನೆರೆದರು. ಆಟ ಮೊದಲಾಗುವ ಮುನ್ನವೇ ನಗರದ ಮೇಯರನು ಬ್ರೆಜಿಲಿನ ಆಟಗಾರರನ್ನು ವಿಜಯಿಗಳೆಂದು ಸಂಬೋಧಿಸಿ ಭಾಷಣ ಮಾಡಿದನು. ಹಸೆಮಣೆಯ ಮೇಲೆ ಕೂರುವ ಮುಂಚೆಯೇ ಆರತಿ ಎತ್ತಿದಂತಾಯಿತು.

ದ್ವಿತೀಯಾರ್ಧದ ಆರಂಭದಲ್ಲಿ, 47ನೆಯ ನಿಮಿಷದಲ್ಲಿ, ಬ್ರೆಜಿಲಿನ ಫ್ರಿಯಾಸಾ ಗೋಲು ಹೊಡೆದನು. 66ನೆಯ ನಿಮಿಷದಲ್ಲಿ ಉರುಗ್ವೆಯ ಗಿಗ್ಗಿಯಾ ಎಂಬಾತನು ಬಲಪಕ್ಕದಲ್ಲಿ ಬಿಗೋಡೆ ಎಂಬ ರಕ್ಷಣೆಯ ಆಟಗಾರನನ್ನು ದಾಟಿ ಓಡಿ, ಚೆಂಡನ್ನು ಒಳಕ್ಕೆ ಕಳುಹಿಸಲು, ಸ್ಕಿಯಾಫಿನೊ ಅದನ್ನು ಗೋಲಿಗೆ ಸೇರಿಸಿದನು. ಆಗಲೂ ಕಪ್ಪು ಬ್ರೆಜಿಲಿನದೇ. 79ನೆಯ ನಿಮಿಷದಲ್ಲಿ ಗಿಗ್ಗಿಯಾ ಮತ್ತೆ ಅದೇ ಪಕ್ಕದಲ್ಲಿ ಬಿಗೋಡೆಯನ್ನು ದಾಟಿ ಬಂದನು. ಹಿಂದಿನಂತೆ ಈ ಸಲವೂ ಆತನು ಚೆಂಡನ್ನು ಒಳಕ್ಕೆ ಕಳುಹಿಸುವನೆಂದು ಬಗೆದ ಬಾರ್ಬೋಸಾ, ಅದನ್ನು ತಡೆಯಲು ಕಂಬದಿಂದ ಒಂದು ಹೆಜ್ಜೆ ಸರಿದನು. ಗಿಗ್ಗಿಯಾ ಚೆಂಡನ್ನು ಒಳಕ್ಕೆ ಕಳುಹಿಸದೆ, ಗೋಲ್‌ಕೀಪರನಿಗೂ ಹತ್ತಿರದ ಕಂಬಕ್ಕೂ ನಡುವೆ ತೆರವಾದ ಕಿರಿದೆಡೆಯಲ್ಲಿ ನೇರವಾಗಿ ಒದೆದನು. ಬಾರ್ಬೋಸಾ ಹಿಂದಕ್ಕೆ ಹಾರಿ ಬಿದ್ದನು. ಚೆಂಡು ತನ್ನ ಕೈಗೆ ತಾಗಿ ಹೊರಗೆ ಹೋಯಿತೆಂದೇ ಆತನು ಭಾವಿಸಿದ್ದನಂತೆ. ಕ್ರೀಡಾಂಗಣವೆಲ್ಲ ಒಮ್ಮೆಲೆ ನಿಶ್ಶಬ್ದವಾದುದನ್ನು ಕೇಳಿ ಹಿಂದಿರುಗಿ ನೋಡಿದಾಗ ಚೆಂಡು ಬಲೆಯೊಳಗಿತ್ತು. ಉರುಗ್ವೆ 2–1ರಿಂದ ಗೆದ್ದಿತು. ವಿಶ್ವ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಜೂಲ್ಸ್ ರಿಮೆ ಯಾವ ಸಮಾರಂಭವೂ ಇಲ್ಲದೆ ಉರುಗ್ವೆಯ ನಾಯಕ ಒಬ್ದೂಲಿಯೊ ವರೇಲಾನ ಕೈಯಲ್ಲಿ ಕಪ್ಪನ್ನಿಟ್ಟು ಕೈಕುಲುಕಬೇಕಾಯಿತು.

ಅಂದಿನಿಂದ ಬಾರ್ಬೋಸಾನ ಎರಡನೆಯ ಬಾಳು ಆರಂಭವಾಯಿತು. ಆತನ ಸಾಮರ್ಥ್ಯವೇನೂ ಅಳಿಯಲಿಲ್ಲ; ಅದೇ 1950ರ ರಿಯೋ ಚಾಂಪಿಯನ್ ಪಟ್ಟವನ್ನು ವಾಸ್ಕೋ ಗೆದ್ದಿತು, 1952ರಲ್ಲಿ ಮತ್ತೆ ಗೆದ್ದಿತು. ಆದರೆ ರಾಷ್ಟ್ರದ ತಂಡದಲ್ಲಿ ಆತನಿಗೆ ಅನಂತರ ದೊರೆತುದು 1953ರ ಒಂದು ಪಂದ್ಯ ಮಾತ್ರ. ಅದೇ ವರ್ಷ ಕಾಲು ಮುರಿಯಿತು. 1962ರವರೆಗೂ ಆಡಿ, ನಿವೃತ್ತನಾದ ಮೇಲೆ ಆತನು ಹೊಟ್ಟೆಪಾಡಿಗಾಗಿ ಅದೇ ಮರಕಾನಾದ ಆವರಣದಲ್ಲಿ ನೌಕರಿ ಮಾಡಿದನು. ಸುಮಾರು ಇಪ್ಪತ್ತು ವರ್ಷ ಕಳೆದ ಮೇಲೆ ಒಂದು ದಿನ ಅಂಗಡಿಯಲ್ಲಿ ಹೆಂಗಸೊಬ್ಬಳು ತನ್ನ ಮಗನಿಗೆ ಈತನನ್ನು ತೋರಿಸಿ, ಬ್ರೆಜಿಲ್ ದೇಶವನ್ನೆಲ್ಲ ಅಳಿಸಿದವನು ಇವನೇ ಎಂದಳೆಂಬುದನ್ನು ಆತನೇ ಹೇಳಿಕೊಂಡಿದ್ದಾನೆ. ಆ ಹುಡುಗನು 1950ರಲ್ಲಿ ಹುಟ್ಟಿಯೂ ಇರಲಿಲ್ಲ. 1993ರಲ್ಲಿ ರಾಷ್ಟ್ರದ ತಂಡದ ಆಟಗಾರರನ್ನು ಕಂಡು ಶುಭವನ್ನು ಕೋರಲು ಹೋದ ಮುದುಕನನ್ನು, ಅಪಶಕುನವೆಂಬ ಶಂಕೆಯಿಂದ, ಒಳಗೆ ಬಿಡಲಿಲ್ಲವೆಂದು ವರದಿಯಾಗಿದೆ. ಹಳೆಯ ಗೋಲಿನ ಮರದ ಕಂಬಗಳು ತನ್ನ ಕೈಗೆ ಬಂದಾಗ ಆತನು ಅವನ್ನು ಒಲೆಗೆ ಹಾಕಿ ಸ್ನೇಹಿತರಿಗೆ ಮಾಂಸದಡಿಗೆಯ ಔತಣವಿತ್ತನೆಂಬ ಕಥೆಯೂ ಪ್ರಚಲಿತವಾಗಿದೆ. ಕಥೆ ನಿಜವೋ ಅಲ್ಲವೋ; ಕಂಬ ಸುಟ್ಟಿತೆಂದು ನಂಬಿದರೂ ನಿಂದೆ ಸುಡಲಿಲ್ಲವೆಂಬುದು ಮಾತ್ರ ನಿಜ. 2000ನೆಯ ಇಸವಿ ಏಪ್ರಿಲ್ 7ರಂದು ಆತನು ತೀರಿಕೊಂಡನು. ಬ್ರೆಜಿಲಿನ ಕಾನೂನಿನಲ್ಲಿ ಅತ್ಯಂತ ದೀರ್ಘವಾದ ಸೆರೆವಾಸ ಮೂವತ್ತು ವರ್ಷ, ತನ್ನ ಶಿಕ್ಷೆಯಾದರೋ ಐವತ್ತು ವರ್ಷದ್ದಾಯಿತು ಎಂಬರ್ಥದ ಮಾತನ್ನು ಆತನು ಕೊನೆಗಾಲದಲ್ಲಿ ಆಡಿದ್ದನು. ಕಾನೂನಿನ ಆ ಮಿತಿಯು 2019ರ ಶಾಸನದಿಂದ ನಲವತ್ತಕ್ಕೆ ಏರಿತು; ಹಾಗೆ ಏರಿದ ಮಿತಿಯೂ ಆತನ ಲೆಕ್ಕಕ್ಕೆ ಹತ್ತು ವರ್ಷ ಕಡಿಮೆಯೇ.

ಇನ್ನು ವಿಚಾರಕ್ಕೆ ಬರೋಣ. ಮೊದಲನೆಯದಾಗಿ, ಬಾರ್ಬೋಸಾ ಮಾಡಿದುದು ಅಪರಾಧವೆ? ತಿಳಿದು ಮಾಡಿದ ಕೆಡುಕು ಅಪರಾಧ, ಎಚ್ಚರ ತಪ್ಪಿ ಮಾಡಿದುದು ಪ್ರಮಾದ, ಎಚ್ಚರದಲ್ಲಿದ್ದು, ಬಲ್ಲಷ್ಟನ್ನು ವಿಚಾರಿಸಿ ಮಾಡಿದ ಕಾರ್ಯವು ಫಲಿಸದೆ ಹೋದರೆ ಅದು ಅಪರಾಧವೂ ಅಲ್ಲ, ಪ್ರಮಾದವೂ ಅಲ್ಲ, ಅದು ವೈಫಲ್ಯ. ಲೋಕವ್ಯವಹಾರದಲ್ಲಿ ಈ ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ವಾಡಿಕೆಯಿದೆ. ಹದಿಮೂರು ನಿಮಿಷಗಳ ಹಿಂದೆ ಅದೇ ಆಟಗಾರನು, ಅದೇ ಪಕ್ಕದಿಂದ ಬಂದು, ಚೆಂಡನ್ನು ಒಳಕ್ಕೆ ಕಳುಹಿಸಿದ್ದನು. ಆದುದರಿಂದ ಈಗಲೂ ಹಾಗೆಯೇ ಮಾಡುವನೆಂದು ಊಹಿಸುವುದು ಬುದ್ಧಿವಂತನ ಊಹೆಯೇ. ಒಂದೇ ಸಲದ ದರ್ಶನದಿಂದ ವ್ಯಾಪ್ತಿಯು ಸಿದ್ಧಿಸುವುದಿಲ್ಲವೆಂದು ತಾರ್ಕಿಕನು ಆಕ್ಷೇಪಿಸಬಹುದು. ದಿಟ, ಆದರೆ ತಾರ್ಕಿಕನಿಗೆ ಗ್ರಂಥವನ್ನು ಬಿಚ್ಚಿ ಕೂರುವಷ್ಟು ಅವಕಾಶವಿದೆ, ಗೋಲ್‌ಕೀಪರನಿಗೆ ರೆಪ್ಪೆ ಬಡಿಯುವಷ್ಟೂ ಇಲ್ಲ. ಕಂಬದ ಬಳಿಯಲ್ಲೇ ನಿಂತು, ಗಿಗ್ಗಿಯಾ ಚೆಂಡನ್ನು ಒಳಕ್ಕೆ ಕಳುಹಿಸಿ, ಮತ್ತೊಬ್ಬನು ಅದನ್ನು ಗೋಲಿಗೆ ಸೇರಿಸಿದ್ದರೆ, ಒಮ್ಮೆ ಕಂಡರೂ ಕಲಿಯದ ಮೂಢನೆಂದು ಇದೇ ಜನರು ಆತನನ್ನು ಹಳಿಯುತ್ತಿದ್ದರು. ಯಾವ ಕಡೆಗೆ ಸರಿದರೂ ನಿಂದೆಯೇ ಕಾದಿರುವಲ್ಲಿ, ಸರಿದುದನ್ನು ದೋಷವೆನ್ನುವುದು ಹೇಗೆ? ಕರ್ಮದಲ್ಲಿ ಮಾತ್ರ ಅಧಿಕಾರವೆಂಬ ಗೀತೆಯ ಉಪದೇಶವನ್ನು ಕರ್ಮ ಮಾಡುವವನಿಗೆ ಎಲ್ಲರೂ ಹೇಳುತ್ತಾರೆ. ಅದನ್ನು ಕುಳಿತು ನೋಡುವವನಿಗೂ ಹೇಳಬೇಕಾಗಿದೆ. ಮಾಡುವವನು ಫಲಾಸಕ್ತಿಯನ್ನು ಬಿಡಬೇಕಾದರೆ, ತೀರ್ಪು ಹೇಳುವವನು ಫಲವೊಂದನ್ನೇ ನೋಡಿ ತೀರ್ಪು ಹೇಳುವುದನ್ನು ಬಿಡಬೇಕಲ್ಲವೆ?

ಎರಡನೆಯದಾಗಿ, ಆ ಸೋಲಿಗೆ ಬಾರ್ಬೋಸಾ ಒಬ್ಬನೇ ಕಾರಣನೆ? ಕಾರ್ಯವು ಒಂದು ಕಾರಣದಿಂದ ಹುಟ್ಟುವುದಿಲ್ಲ, ಕಾರಣಗಳ ಸಾಮಗ್ರಿಯಿಂದ ಹುಟ್ಟುತ್ತದೆಂದು ನ್ಯಾಯಶಾಸ್ತ್ರವು ಹೇಳುತ್ತದೆ. ಮಡಕೆಗೆ ಮಣ್ಣು ಬೇಕು, ಚಕ್ರ ಬೇಕು, ಕೋಲು ಬೇಕು, ಕುಂಬಾರನೂ ಬೇಕು. ಬ್ರೆಜಿಲಿನ ಸೋಲಿಗೆ ಬಿಗೋಡೆ ಎರಡು ಸಲ ಹಿಂದೆ ಬಿದ್ದುದು ಬೇಕಾಯಿತು. ಆತನ ಬೆಂಬಲಕ್ಕೆ ಜುವೆನಾಲ್ ಸಕಾಲದಲ್ಲಿ ಬಾರದುದು ಬೇಕಾಯಿತು. ಹಿಂದಿನ ಎರಡು ಪಂದ್ಯಗಳಲ್ಲಿ ಹದಿಮೂರು ಗೋಲು ಹೊಡೆದ ಮುಂದಿನ ಸಾಲು ಅಂದು ಒಂದರಲ್ಲಿಯೇ ನಿಂತುದು ಬೇಕಾಯಿತು. ಆಡುವ ಮುನ್ನವೇ ಗೆದ್ದೆವೆಂದು ಬಗೆದ ಊರಿನ ಅಹಂಕಾರವೂ ಬೇಕಾಯಿತು. ಎಲ್ಲಕ್ಕಿಂತ ಮಿಗಿಲಾಗಿ ಉರುಗ್ವೆಯವರ ಧೈರ್ಯವೂ ಗಿಗ್ಗಿಯಾನ ಚಾತುರ್ಯವೂ ಬೇಕಾಯಿತು. ಎದುರಾಳಿಯ ಗೆಲುವನ್ನು ತನ್ನವನ ತಪ್ಪೆಂದೇ ಎಣಿಸುವವನು ಎದುರಾಳಿಗೂ ಅನ್ಯಾಯ ಮಾಡುತ್ತಾನೆ. ಆದರೆ ಈ ಕಾರಣಗಳ ಸರಪಳಿಯಲ್ಲಿ ಗೋಲ್‌ಕೀಪರನು ಕೊನೆಯ ಕೊಂಡಿ. ಕೊನೆಯ ಕೊಂಡಿ ಕಣ್ಣಿಗೆ ಕಾಣುತ್ತದೆ, ಉಳಿದವು ಹುಲ್ಲಿನಲ್ಲಿ ಮರೆಯಾಗುತ್ತವೆ. ಹೊಸ್ತಿಲ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಬೆಳಗುವುದೆಂಬ ದೇಹಲೀದೀಪನ್ಯಾಯವು ಸಂಸ್ಕೃತ ವಿದ್ಯಾರ್ಥಿಗಳಿಗೆ ಪರಿಚಿತ. ಗೋಲ್‌ಕೀಪರನು ನಿಂತಿರುವುದು ಹೊಸ್ತಿಲಿನ ಮೇಲೆಯೇ. ಆದರೆ ಅಲ್ಲಿ ದೀಪವು ಆತನ ಕೈಯಲ್ಲಿಲ್ಲ, ಆತನ ಮುಖದ ಮೇಲಿದೆ. ಒಳಗಿನವರೂ ಹೊರಗಿನವರೂ ಆತನೊಬ್ಬನನ್ನೇ ನೋಡುತ್ತಾರೆ.

ಮೂರನೆಯದಾಗಿ, ಜನರಿಗೆ ಇಂತಹ ಒಬ್ಬನು ಏಕೆ ಬೇಕಾದನು? ಲಕ್ಷಾಂತರ ಜನರ ದುಃಖವು ನಿರಾಕಾರವಾಗಿರಲಾರದು. ಅದಕ್ಕೆ ಒಂದು ಹೆಸರು, ಒಂದು ಮುಖ ಬೇಕು. ದುಃಖವನ್ನು ಕೋಪವನ್ನಾಗಿ ಮಾಡಿಕೊಂಡರೆ ಹೊರುವುದು ಹಗುರ. ಕೋಪಕ್ಕಾದರೋ ಪಾತ್ರನೊಬ್ಬನು ಬೇಕು. ಆ ಪಾತ್ರರನ್ನು ಆರಿಸಿದ ರೀತಿಯಲ್ಲಿ ಇನ್ನೊಂದು ಕಹಿಯಾದ ಸತ್ಯವೂ ಅಡಗಿದೆ. ಹನ್ನೊಂದು ಮಂದಿಯಲ್ಲಿ ಹೆಚ್ಚು ನಿಂದೆಗೊಳಗಾದ ಮೂವರು ಬಾರ್ಬೋಸಾ, ಬಿಗೋಡೆ, ಜುವೆನಾಲ್, ಮೂವರೂ ಕಪ್ಪುವರ್ಣದವರು. ಬ್ರೆಜಿಲಿನಲ್ಲಿ ದಾಸ್ಯಪದ್ಧತಿಯನ್ನು ಶಾಸನವು ತೊಡೆದುಹಾಕಿದುದು 1888ರಲ್ಲಿ. ಮನಸ್ಸುಗಳು ತೊಡೆದುಹಾಕಲು ಅಷ್ಟು ಆತುರಪಡಲಿಲ್ಲ. ಕಪ್ಪುವರ್ಣದವನು ಗೋಲಿಗೆ ನಂಬತಕ್ಕವನಲ್ಲವೆಂಬ ಕುರುಡು ಮಾತು ಆ ಸೋಲಿನ ಅನಂತರ ದಶಕಗಳ ಕಾಲ ಆ ದೇಶದಲ್ಲಿ ಸುಳಿದಾಡುತ್ತಿತ್ತು. 2006ರ ವಿಶ್ವಕಪ್ಪಿನಲ್ಲಿ ದೀದಾ ಎಂಬ ಕಪ್ಪುವರ್ಣದ ಗೋಲ್‌ಕೀಪರನು ಬ್ರೆಜಿಲಿನ ಬಾಗಿಲನ್ನು ಕಾದಾಗ, ಪತ್ರಿಕೆಗಳು ಬಾರ್ಬೋಸಾನ ಹೆಸರನ್ನೇ ಮತ್ತೆ ಎತ್ತಿದವು. ಒಬ್ಬನ ವೈಫಲ್ಯವನ್ನು ಆತನ ಕುಲಕ್ಕೂ ವರ್ಣಕ್ಕೂ ಅಂಟಿಸುವುದು ನಿಂದೆಯ ಅತಿ ನೀಚವಾದ ರೂಪ. ಇದು ಆ ದೇಶಕ್ಕೆ ಮಾತ್ರ ಸೇರಿದ ದೋಷವೆಂದು ಭಾವಿಸಿ ಸಮಾಧಾನಪಡಲು ಜಾತಿಭೇದದ ನಾಡಿನವರಿಗೆ ಅಧಿಕಾರವಿಲ್ಲ. 1950ರ ಸೋಲು ಕಂಡ ಬಿಳಿಯ ಉಡುಪು ಅಮಂಗಳವೆಂದು ಬಗೆದು ಬ್ರೆಜಿಲಿನವರು ಅದನ್ನು ಕೈಬಿಟ್ಟು, 1953ರಲ್ಲಿ ಪತ್ರಿಕೆಯೊಂದು ಏರ್ಪಡಿಸಿದ ಸ್ಪರ್ಧೆಯಲ್ಲಿ ಆಯ್ಕೆಯಾದ ಹಳದಿಯ ಉಡುಪನ್ನು 1954ರಿಂದ ತೊಟ್ಟರು. ಇಂದು ಲೋಕಪ್ರಸಿದ್ಧವಾಗಿರುವ ಉಡುಪು ಅದೇ. ತಂಡವು ಅಂಗಿಯನ್ನು ಬದಲಾಯಿಸಿ ಹೊಸ ಬಾಳನ್ನು ಆರಂಭಿಸಿತು. ಬಾರ್ಬೋಸಾನು ಬದಲಾಯಿಸಬಹುದಾದುದು ಏನೂ ಇರಲಿಲ್ಲ.

ಇಲ್ಲಿ ಒಂದು ಪೂರ್ವಪಕ್ಷವು ಏಳಬಹುದು. ವೇತನ ಪಡೆದು, ಕೀರ್ತಿಯನ್ನು ಅನುಭವಿಸಿ, ತಾನಾಗಿಯೇ ಆ ಸ್ಥಾನದಲ್ಲಿ ನಿಂತವನು ಅದರ ಹೊಣೆಯನ್ನೂ ಹೊರಬೇಡವೆ? ಫಲ ಕೆಟ್ಟಾಗ ಎಲ್ಲರೂ ಕಾರಣಸಾಮಗ್ರಿಯ ಮಾತನ್ನಾಡಿ ನುಣುಚಿಕೊಂಡರೆ, ಹೊಣೆಗಾರಿಕೆಯೆಂಬುದೇ ಲೋಕದಲ್ಲಿ ಉಳಿಯದು. ವೈದ್ಯನು, ಅಧಿಕಾರಿಯು, ಸೇನಾಪತಿಯು, ಎಲ್ಲರೂ ತಾವು ಬಲ್ಲಷ್ಟು ಮಾಡಿದೆವೆಂದು ಕೈತೊಳೆದುಕೊಳ್ಳುವರು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಹೊಣೆಯು ನಿಜ, ಕಾವಲುಗಾರನು ಕಾವಲಿಗೆ ಉತ್ತರ ಹೇಳಲೇಬೇಕು. ಆತನ ಆಟವನ್ನು ಪರೀಕ್ಷಿಸಲಿ, ತಪ್ಪಿದ್ದರೆ ತೋರಿಸಲಿ, ಬೇರೊಬ್ಬನು ಸಮರ್ಥನಾಗಿದ್ದರೆ ಸ್ಥಾನವನ್ನು ಅವನಿಗೆ ಕೊಡಲಿ. ಇಷ್ಟು ಹೊಣೆಗಾರಿಕೆಯ ಧರ್ಮ. ಆದರೆ ಹೊಣೆಗಾರಿಕೆಯ ಉದ್ದೇಶವು ಮುಂದಿನ ಕಾರ್ಯವನ್ನು ತಿದ್ದುವುದು. ನಿಂದೆಯ ಉದ್ದೇಶವು ಹಿಂದಿನ ದುಃಖವನ್ನು ತಣಿಸುವುದು. ಅಂಗಡಿಯ ಆ ಹೆಂಗಸಿನ ಮಾತಿನಿಂದ ಮುಂದಿನ ಯಾವ ಗೋಲ್‌ಕೀಪರನು ಹೆಚ್ಚು ಎಚ್ಚರವುಳ್ಳವನಾದನು? ಏನನ್ನೂ ತಿದ್ದಲಾರದ ಶಿಕ್ಷೆಗೆ ಶಿಕ್ಷೆಯೆಂಬ ಹೆಸರೇ ಸಲ್ಲದು. ಶಿಕ್ಷೆಯೆಂದರೆ ಕಲಿಸುವುದೆಂದೇ ಧಾತುವಿನ ಅರ್ಥ.

ಈ ವಿಷಯದಲ್ಲಿ ಧರ್ಮಶಾಸ್ತ್ರದ ಪ್ರಾಯಶ್ಚಿತ್ತಪ್ರಕರಣವು ಗಮನಾರ್ಹ. ಅಲ್ಲಿನ ವಿಧಿಗಳಲ್ಲಿ ಇಂದಿನ ವಿವೇಕವು ಒಪ್ಪಲಾರದವು ಬಹಳ ಉಂಟು. ಆದರೆ ಅದರ ಮೂಲದಲ್ಲಿ ಉಪೇಕ್ಷಿಸಲಾಗದ ತತ್ತ್ವವೊಂದಿದೆ. ಇಂತಹ ಪಾಪಕ್ಕೆ ಇಷ್ಟು ದಿನದ ವ್ರತ, ಇಂತಹುದಕ್ಕೆ ಇಷ್ಟು ದಿನದ ಉಪವಾಸವೆಂದು ಗಣನೆಯನ್ನು ಹಾಕುವಾಗಲೇ, ಅದು ಮುಗಿಯತಕ್ಕದ್ದೆಂಬುದೂ ಸಿದ್ಧವಾಯಿತು. ಪ್ರಾಯಶ್ಚಿತ್ತ ಮಾಡಿಕೊಂಡು ಶುದ್ಧನಾದವನನ್ನು ಅನಂತರ ಎಂದಿಗೂ ಹೀಗಳೆಯಬಾರದೆಂದು ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವೂ ವಿಧಿಸಿದೆ. ಈ ವಿಧಿಯು ತಪ್ಪು ಮಾಡಿದವನಿಗೆ ಹೇಳಿದುದಲ್ಲ, ಸುತ್ತಲಿನವರಿಗೆ ಹೇಳಿದುದು. ಪ್ರಾಯಶ್ಚಿತ್ತದ ಒಂದು ಭಾಗವು ಪಾಪಿಯದು. ಇನ್ನೊಂದು ಭಾಗವು ಸಮಾಜದ್ದು. ಆತನು ವ್ರತವನ್ನು ಮುಗಿಸಬೇಕು, ಇವರು ನಿಂದೆಯನ್ನು ಮುಗಿಸಬೇಕು. ಮಹಾಪಾತಕಕ್ಕೂ ಕೊನೆಯ ದಿನವೊಂದನ್ನು ಬರೆದಿಟ್ಟಿರುವಾಗ, ಒಂದು ಚೆಂಡು ಕೈತಪ್ಪಿದುದಕ್ಕೆ ಐವತ್ತು ವರ್ಷ ಕಳೆದರೂ ಕೊನೆಯ ದಿನ ಬಾರದಿದ್ದರೆ, ಆ ಪ್ರಕರಣದಲ್ಲಿ ಪ್ರಾಯಶ್ಚಿತ್ತವನ್ನು ಬಾಕಿಯುಳಿಸಿಕೊಂಡವರು ಯಾರು?

ಬಾರ್ಬೋಸಾನ ನಡತೆಯನ್ನು ನೋಡಿದರೆ ಆತನ ಭಾಗದಲ್ಲಿ ಬಾಕಿ ಕಾಣುವುದಿಲ್ಲ. ಆತನು ದೇಶವನ್ನು ಬಿಟ್ಟು ಓಡಲಿಲ್ಲ; ಆಟವನ್ನೂ ಬಿಡಲಿಲ್ಲ. ಸೋತ ಬಯಲಿನ ಆವರಣದಲ್ಲಿಯೇ ದುಡಿದು ಬದುಕಿದನು. ತಾನು ತಪ್ಪಿತಸ್ಥನಲ್ಲ, ತಂಡದಲ್ಲಿ ಹನ್ನೊಂದು ಮಂದಿಯಿದ್ದೆವು ಎಂಬುದನ್ನು ಕೇಳಿದವರಿಗೆ ಹೇಳಿದನು. ಆದರೆ ಆ ಹೊರೆಯನ್ನು ಬಿಗೋಡೆಯ ಹೆಗಲಿಗೆ ದಾಟಿಸಿ ತಾನು ಹಗುರವಾಗಲಿಲ್ಲ. ತನಗೆ ಅನ್ಯಾಯವಾದಾಗ ಅದನ್ನು ಇನ್ನೊಬ್ಬ ದುರ್ಬಲನ ಮೇಲೆ ಸುರಿಯದಿರುವುದು ಅಲ್ಪವಾದ ಗುಣವಲ್ಲ. ಮಾಂಡವ್ಯನಿಗೆ ಶಾಪ ಕೊಡುವ ಶಕ್ತಿಯಿತ್ತು, ಆತನು ಕೊಟ್ಟನು. ಈತನಿಗೆ ಆ ಶಕ್ತಿಯೂ ಇರಲಿಲ್ಲ.

ಕಾಲವು ತನ್ನದೇ ಆದ ರೀತಿಯಲ್ಲಿ ಈ ಪ್ರಕರಣಕ್ಕೆ ಎರಡು ಅನುಬಂಧಗಳನ್ನು ಸೇರಿಸಿತು. ಗೋಲು ಹೊಡೆದ ಗಿಗ್ಗಿಯಾನನ್ನು 2009ರ ಡಿಸೆಂಬರಿನಲ್ಲಿ ಬ್ರೆಜಿಲಿನವರೇ ಮರಕಾನಾಕ್ಕೆ ಕರೆಸಿ, ಆತನ ಪಾದಗಳ ಅಚ್ಚನ್ನು ತೆಗೆದುಕೊಂಡು ಗೌರವಿಸಿದರು. ಆ ಮುದುಕನ ಕಣ್ಣಲ್ಲಿ ನೀರು ಬಂತು. ಅದು ಉದಾರವಾದ ಕಾರ್ಯ, ಸಂದೇಹವಿಲ್ಲ. ಒದ್ದ ಪಾದವನ್ನು ಕ್ಷಮಿಸಿದ ಊರಿಗೆ, ತಡೆಯಲಾರದೆ ಹೋದ ಕೈಯನ್ನು ಅದು ಬದುಕಿದ್ದಾಗ ಕ್ಷಮಿಸುವುದು ಅದಕ್ಕಿಂತ ಕಷ್ಟವಾಗಿತ್ತೆಂಬುದು ಮಾತ್ರ ಯೋಚಿಸತಕ್ಕ ವಿಷಯ. ಪರರ ಗೆಲುವನ್ನು ಮನ್ನಿಸುವುದಕ್ಕಿಂತ ನಮ್ಮವರ ಸೋಲನ್ನು ಮನ್ನಿಸಲು ಹೆಚ್ಚಿನ ಮನಸ್ಸು ಬೇಕು. ಗಿಗ್ಗಿಯಾ ತೀರಿಕೊಂಡುದು 2015ರ ಜುಲೈ 16ರಂದು, ಆ ಪಂದ್ಯಕ್ಕೆ ಸರಿಯಾಗಿ ಅರುವತ್ತೈದು ವರ್ಷ ತುಂಬಿದ ದಿನ. ಅದಕ್ಕೆ ಒಂದು ವರ್ಷ ಮೊದಲು, 2014ರಲ್ಲಿ, ವಿಶ್ವಕಪ್ ಮತ್ತೆ ಬ್ರೆಜಿಲಿಗೆ ಬಂದಿತ್ತು. ಆ ಜುಲೈ 8ರಂದು ಬೆಲೊ ಹೊರಿಝೊಂಟೆ ನಗರದಲ್ಲಿ ಆತಿಥೇಯರು ಜರ್ಮನಿಯ ಮುಂದೆ 7–1ರಿಂದ ಸೋತರು. ಇನ್ನು ಬಾರ್ಬೋಸಾನಿಗೆ ಬಿಡುಗಡೆಯಾಯಿತೆಂದು ಅನೇಕರು ಅಂದರು. ಆದರೆ ಹಳೆಯ ಗಾಯವನ್ನು ಮರೆಸಲು ದೊಡ್ಡದೊಂದು ಹೊಸ ಗಾಯವೇ ಬೇಕಾಯಿತೆಂದರೆ ಅದನ್ನು ಕ್ಷಮೆಯೆನ್ನಬಹುದೆ? ಅದು ಮರೆವು. ಮರೆವು ಕಾಲದ ಕೆಲಸ, ಕ್ಷಮೆ ಮನುಷ್ಯನ ಕೆಲಸ. ಸತ್ತು ಹದಿನಾಲ್ಕು ವರ್ಷವಾದವನಿಗೆ ಎರಡರಿಂದಲೂ ಪ್ರಯೋಜನವಿಲ್ಲ.

ಸಮುದ್ರದಾಚೆಯ ಒಬ್ಬ ಆಟಗಾರನ ಕಥೆಯಿದೆಂದು ಪುಸ್ತಕವನ್ನು ಮುಚ್ಚಿಡುವಂತಿಲ್ಲ. ಪ್ರತಿಯೊಂದು ಮನೆಯಲ್ಲಿಯೂ ಒಂದು ಚಿಕ್ಕ ಮರಕಾನಾ ಇದೆ. ಒಮ್ಮೆ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಮಗನಿಗೆ ಆತನು ನಲವತ್ತು ವರ್ಷದವನಾದ ಮೇಲೂ ಆ ಮಾತನ್ನು ನೆನಪು ಮಾಡಿಕೊಡುವ ತಂದೆಯಿದ್ದಾನೆ. ಮದುವೆಯ ಹೊಸತರಲ್ಲಿ ಉಕ್ಕಿಸಿದ ಹಾಲಿನ ಕಥೆಯನ್ನು ಮೊಮ್ಮಕ್ಕಳ ಕಾಲದವರೆಗೂ ಕೇಳಬೇಕಾದ ಸೊಸೆಯಿದ್ದಾಳೆ. ಸಾವಿರ ದಿನ ಮನೆಯನ್ನು ಕಾದು ಒಂದು ದಿನ ಬೀಗ ಹಾಕಲು ಮರೆತವನಿಗೆ ಆ ಒಂದು ದಿನವೇ ಹೆಸರಾಗುತ್ತದೆ. ಇಂತಹ ಮಾತುಗಳನ್ನು ಆಡುವವರಾರೂ ಕ್ರೂರರಲ್ಲ. ಅಂಗಡಿಯಲ್ಲಿ ಮಗನಿಗೆ ಬಾರ್ಬೋಸಾನನ್ನು ತೋರಿಸಿದ ಆ ತಾಯಿಯೂ ಕ್ರೂರಳಾಗಿರಲಾರಳು. ತನ್ನ ಒಂದು ಮಾತು ಎಷ್ಟನೆಯದೆಂಬುದು ಆಡುವವನಿಗೆ ತಿಳಿಯದು, ಕೇಳುವವನು ಎಣಿಸಿಕೊಂಡಿರುತ್ತಾನೆ.

ಆದುದರಿಂದ ತಪ್ಪನ್ನು ತಪ್ಪೆನ್ನುವ ಧೈರ್ಯದೊಡನೆ, ಆ ಮಾತನ್ನು ಮುಗಿಸುವ ಧೈರ್ಯವೂ ಬೇಕು. ದಂಡಿಸುವ ಅಧಿಕಾರವನ್ನು ಕೈಗೆ ತೆಗೆದುಕೊಂಡವನು ಮೊದಲು ಅದರ ಕೊನೆಯ ದಿನವನ್ನು ಬರೆದಿಟ್ಟು, ಆಮೇಲೆ ಬಾಯಿ ತೆರೆಯಲಿ. ಆ ದಿನವನ್ನು ಗೊತ್ತುಮಾಡಲಾರದವನಿಗೆ ದಂಡಿಸುವ ಅಧಿಕಾರವೂ ಇಲ್ಲ.